ನೆಂಟನಾದ ಕಾಗೆ

ಕಾರವಾರ ಬಂದರಿನ ಆಲದ ಮರದಲ್ಲಿ ಹುಟ್ಟಿದ ಕೊಕ್ಕಣ್ಣನೆಂಬ ಕಾಗೆ, ಹಡಗೊಂದರ ಮೇಲೆ ಕೂತು ಪರದೇಶಕ್ಕೆ ಹೋದವನು ಬಹುಕಾಲದ ಮೇಲೆ ಊರಿಗೆ ಮರಳಿದ. ಮಗ ಬಂದನೆಂಬ ಸಂಭ್ರಮದಲ್ಲಿ ತಾಯಿ ಕಾಗೆ ಒಣಮೀನು ತಂದಿಟ್ಟಳು.

"ಅಮ್ಮಾ, ಏನಿದು ವಾಸನೆ! ನಮ್ಮ ದೇಶದಲ್ಲಿ ಇಂಥದ್ದನ್ನು ಯಾರೂ ಮುಟ್ಟುವುದಿಲ್ಲ," ಎಂದ ಕೊಕ್ಕಣ್ಣ. ಕೊಂಬೆಯ ತುಂಬ ಧೂಳು ಎಂದ. ನೀವೆಲ್ಲ ಇಷ್ಟು ಜೋರಾಗಿ ಯಾಕೆ ಕೂಗುತ್ತೀರಿ ಎಂದೂ ಕೇಳಿದ.

ಬಳಗ ಎಚ್ಚೆತ್ತುಕೊಂಡಿತು. ತುದಿಕೊಂಬೆಯನ್ನು ಗುಡಿಸಿ ಅವನೊಬ್ಬನಿಗೇ ಬಿಟ್ಟುಕೊಟ್ಟಿತು. "ತಾವು ಅಲ್ಲೇ ಕೂತಿರಿ, ದಣಿಯಬೇಡಿ," ಎಂದು ಒಡಹುಟ್ಟಿದ ಅಕ್ಕ ಮಸಿಯಮ್ಮನೇ ಬಹುವಚನದಲ್ಲಿ ಮಾತಾಡಿದಳು. ಅವನು ಹತ್ತಿರ ಹಾರಿ ಬಂದರೆ ಎಲ್ಲರ ನಗು ನಿಲ್ಲುತ್ತಿತ್ತು. ಕೆಳಗೆ ಅವರೆಲ್ಲ ರೆಕ್ಕೆಗೆ ರೆಕ್ಕೆ ತಾಗಿಸಿ ಮಲಗಿದರೆ, ಮೇಲೆ ಕೊಕ್ಕಣ್ಣ ಒಬ್ಬನೇ ಗಾಳಿಗೆ ನಡುಗಿದ. 'ನೆಂಟನಾಗಿರುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ನಾಳೆಯೇ ಹೊರಟುಬಿಡುತ್ತೇನೆ,' ಎಂದುಕೊಂಡ.

ಬೆಳಗಾಗುವಾಗ ಹಸಿವು ತಡೆಯಲಾಗಲಿಲ್ಲ. ಮಸಿಯಮ್ಮ ಮಕ್ಕಳಿಗೆಂದು ಪೊಟರೆಯಲ್ಲಿ ಬಚ್ಚಿಟ್ಟಿದ್ದ ಬಂಗುಡೆ ಮೀನಿನ ತಲೆಯನ್ನು ಮೆಲ್ಲನೆ ಕಚ್ಚಿದ. ಹಿಂದಿನಿಂದ ಅವನ ನೆತ್ತಿಗೆ ಪಟ್ಟೆಂದು ಕುಕ್ಕು ಬಿತ್ತು.

"ಕಳ್ಳ ಮೂದೇವಿ! ಸಮುದ್ರ ದಾಟಿ ಬಂದರೂ ನಿನ್ನ ಕೊಕ್ಕು ಸುಮ್ಮನಿರುವುದಿಲ್ಲವೇನೋ?"

ಕೊಕ್ಕಣ್ಣನ ಕಣ್ಣು ತುಂಬಿತು. ಅಕ್ಕನಿಗೆ ಗಾಬರಿಯಾಯಿತು. "ಅಯ್ಯೋ, ನೋವಾಯಿತಾ?"

"ಇಲ್ಲಕ್ಕಾ. ನೀನು ನನ್ನನ್ನು ಏಕವಚನದಲ್ಲಿ ಬೈದೆಯಲ್ಲ! ಇನ್ನೊಂದು ಸಲ ಬೈಯಿ."

ಅಕ್ಕ ಮನಸಾರೆ ಬೈದಳು. ತಾಯಿಯೂ ಬಂದು ಸೇರಿಕೊಂಡಳು. ಕೊಕ್ಕಣ್ಣ ಬಾಯಿತುಂಬ ಮೀನಿಟ್ಟುಕೊಂಡು, ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡ.