ಒಲೆಯಿಲ್ಲದ ಬಿಸಿನೀರು

ಅಮಲ್ದಾರ್ ಭುಜಂಗರಾಯರು ಪ್ರವಾಸಿ ಬಂಗಲೆಗೆ ಬಂದಿಳಿದಾಗ ಮೈ ಕೊರೆಯುವ ಚಳಿ. "ಸ್ನಾನಕ್ಕೆ ಬಿಸಿನೀರು ಬೇಕು. ನನಗೆ ಹೊಗೆ ಆಗದು, ಒಲೆ ಹಚ್ಚಕೂಡದು. ಆಗದಿದ್ದರೆ ಕೆಲಸ ಬಿಟ್ಟು ನಡೆ!" ಎಂದು ಆಳು ಮುದ್ದಯ್ಯನಿಗೆ ಗದರಿದರು.

ಮುದ್ದಯ್ಯ ಅಂಗೈ ಉಜ್ಜಿಕೊಳ್ಳುತ್ತಾ ಯೋಚಿಸಿದ. ಅಂಗೈ ಬೆಚ್ಚಗಾಯಿತು, ಉಪಾಯವೂ ಹೊಳೆಯಿತು. ನೀರಿನ ಹಂಡೆಗೆ ಮಜ್ಜಿಗೆಯ ಕಡಗೋಲು ಇಳಿಸಿ ಹಗ್ಗ ಸುತ್ತಿದ.

"ಬೆಂಕಿಯಿಲ್ಲದಿದ್ದರೆ ಕಡೆದೇ ಕಾಯಿಸಬೇಕು ಬುದ್ಧಿ. ನನ್ನ ಬಡಕಲು ಕೈಗೆ ಅಷ್ಟು ಕಸುವೆಲ್ಲಿ? ತಮ್ಮಂಥ ಪೈಲ್ವಾನರು ಕಡೆದರೆ ಶಾಖ ಹುಟ್ಟದೆ ಇರುತ್ತದೆಯೇ?"

ಹೊಗಳಿಕೆಗೆ ಉಬ್ಬಿದ ರಾಯರು ಕೋಟು ಕಳಚಿ ಹಗ್ಗ ಹಿಡಿದರು. ಕಡೆದರು, ಕಡೆದೇ ಕಡೆದರು. ಬೆವರು ಧಾರಾಕಾರ ಇಳಿಯಿತು. ಕೊನೆಗೆ ಏದುಸಿರು ಬಿಡುತ್ತಾ ಹಂಡೆಯೊಳಗೆ ಕೈಯಿಟ್ಟು, "ಶಾಖ ಎಲ್ಲೋ? ನೀರು ಇನ್ನೂ ಕೊರೆಯುತ್ತಿದೆಯಲ್ಲೋ!" ಎಂದು ಅಬ್ಬರಿಸಿದರು.

"ಹುಟ್ಟಿದೆ ಬುದ್ಧಿ. ಮುಕ್ಕಾಲು ಪಾಲು ತಮ್ಮ ಮೈಯಲ್ಲೇ ಉಳಿದುಬಿಟ್ಟಿದೆ. ಈಗ ಒಲೆ ಹಚ್ಚಲೇ?"

"ಒಲೆ ಹಾಳಾಗಲಿ! ಮೊದಲು ಆ ತಣ್ಣೀರನ್ನೇ ಹುಯ್ಯೋ ಮಾರಾಯ!"