ಯಾವ ದೋಣಿ ಬೇಕು?

ನನ್ನ ಹಳೆಯ ಡೈರಿಯಲ್ಲಿ 2018ರ ಜನವರಿ 9, ಮಂಗಳವಾರ: "ಸಂಜೆ. ಹೊಳೆಯ ಮೇಲೆ ಮಂಜು. ಆಶ್ರಮದಲ್ಲಿ ಜ್ವರದ ಮಗು. ಆಚೆ ಊರಿನ ತಾಯಿಗೆ ಹೇಳಿಕಳಿಸಿದೆ."

ಆಶ್ರಮಕ್ಕೆಂದು ಆಚೆ ದಡಕ್ಕೆ ಬಂದವರು ಮೊದಲೆಲ್ಲ ಅಲ್ಲಿದ್ದ ಗಂಟೆ ಬಾರಿಸುತ್ತಿದ್ದರು. ದೋಣಿ ಹೋಗುತ್ತಿತ್ತು. ಗುರುಗಳಾದ ಪರ್ವತಯ್ಯನವರು ಸಂಚಾರದಲ್ಲಿದ್ದಾಗ ಶಿಷ್ಯ ಕಾಶೀಪತಿ ಗಂಟೆ ಇಳಿಸಿದ. ದೋಣಿ ಕರೆಯಲು ಮೊಬೈಲಿಗೆ ಆ್ಯಪ್ ಮಾಡಿದ. ದಡದಲ್ಲಿ ಅದರ ಫಲಕ ನೆಟ್ಟ.

ಗುರುಗಳು ಆ ಮಧ್ಯಾಹ್ನವಷ್ಟೇ ಮರಳಿದ್ದರು.

ನಾನು ಹೊಳೆಯ ಮೆಟ್ಟಿಲಿಗೆ ಬಂದಾಗ ಆಚೆ ದಡದ ಮಂಜಿನಲ್ಲಿ ಒಂದು ನೀಲಿ ಬೆಳಕು, ಎದೆಯೆತ್ತರದಲ್ಲಿ ಅಲುಗದೆ ನಿಂತಿತ್ತು.

"ಯಾರೋ ಬಂದವ್ರೆ," ಅಂದ ಅಂಬಿಗ ಯಂಕೋಬ. "ಹೋಗ್ಲಾ?"

"ಕೋರಿಕೆ ಬರಲಿ," ಅಂದ ಕಾಶೀಪತಿ.

"ಬೆಳಕು ಕಾಣಲ್ವಾ ಸ್ವಾಮಿ? ಹುಟ್ಟು ಹಾಕೋಕೂ ಈಗ ಅಪ್ಪಣೆ ಬೇಕಾ?"

"ಮೊಬೈಲಿನಲ್ಲಿ ತುಂಬ್ತಿದ್ದಾರೆ ಇರಪ್ಪ. ನೀರಿನ ಮಟ್ಟ, ಹವಾಮಾನ, ಪೂಜೆಯ ಬುಕಿಂಗ್, ಎಲ್ಲ ಇದೆ ಅದರಲ್ಲಿ."

"ಆ ಮಗುವಿನ ತಾಯಿ ಇರಬಹುದು," ಅಂದೆ ನಾನು.

"ಒಂದೇ ನಿಮಿಷ ಅಮ್ಮಾ. ಬಹಳ ಸುಲಭ."

ಬೆಳಕು ಅತ್ತ ನಡೆಯಿತು. ಇತ್ತ ನಡೆಯಿತು. ಕೂಗಿದರೂ ಆ ಹೊಳೆಯ ಸದ್ದಿನಲ್ಲಿ ಕೇಳುವುದಿಲ್ಲ.

ಗುರುಗಳು ಇಳಿದು ಬಂದರು. "ಏನೇನು ಕೇಳುತ್ತದೆ ನಿನ್ನ ಆ್ಯಪ್?"

ಕಾಶೀಪತಿ ತನ್ನ ಮೊಬೈಲ್ ತೋರಿಸಿದ. ಗುರುಗಳು ಬೆರಳಿಂದ ಸರಿಸುತ್ತ ಹೋದರು. ಒಂದು ಕಡೆ ನಿಂತು ಗಟ್ಟಿಯಾಗಿ ಓದಿದರು: "ಯಾವ ದೋಣಿ ಬೇಕು?"

"ಆರಿಸಿಕೊಳ್ಳಬಹುದು, ಗುರುಗಳೇ."

"ನಮ್ಮಲ್ಲಿ ಎಷ್ಟಿವೆ?"

"ಒಂದು. ಮುಂದೆ ಹೆಚ್ಚಾದರೆ ಇರಲಿ ಅಂತ..."

ಬೆಳಕು ದಡ ಬಿಟ್ಟಿತು. ನೀರಿನ ಮೇಲೆ ನಮ್ಮ ಕಡೆಗೆ ಬರತೊಡಗಿತು.

"ದೋಣಿ ಬಿಡು!" ಎನ್ನುತ್ತಲೇ ಗುರುಗಳು ಹತ್ತಿದರು.

ಅವರು ಮುಟ್ಟುವ ಮೊದಲೇ ಬೆಳಕು ಒಳಗಿಳಿಯಿತು. ಆರಲಿಲ್ಲ. ನೀರಿನಡಿ ಹಸಿರಾಗಿ, ನಿಧಾನವಾಗಿ, ಹರಿವಿನತ್ತ ಸಾಗಿತು.

ಆಗ ಕಾಶೀಪತಿಯ ಕೈಯಲ್ಲಿ ಮೊಬೈಲ್ ಅದುರಿತು.

"ಕೋರಿಕೆ ಬಂದಿದೆ. ಪ್ರಯಾಣಿಕರು: ಒಬ್ಬರು."

ಅವಳನ್ನು ತಂದು ಮೆಟ್ಟಿಲ ಮೇಲೆ ಮಲಗಿಸಿದರು. ಆ ಮಗುವಿನ ತಾಯಿಯೇ. ಉಸಿರಿರಲಿಲ್ಲ. ಹೆಬ್ಬೆರಳು ಇನ್ನೂ ಏನನ್ನೋ ಒತ್ತುವ ಹಾಗೆ ಮಡಿಚಿತ್ತು.

ಕಾಶೀಪತಿ ಮೊಬೈಲ್ ನೋಡುತ್ತಲೇ ಅಂದ: "ಮೊದಲ ಸಲ ಬರುವವರಿಗೆ ಇನ್ನೊಂದು ಸೂಚನೆ ಸೇರಿಸಬೇಕಿತ್ತು, ಗುರುಗಳೇ."

ಗುರುಗಳು ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿದರು.

"ತಾಯಿ ಹೋದಳು. ನಾನು ಇಳಿದು ಬರುವಾಗ ಒಳಗೆ ಮಗುವಿಗೆ ಎಚ್ಚರವಾಗಿತ್ತು. ಅವ್ವ ಬಂದಳಾ ಎಂದು ಕೇಳುತ್ತಿತ್ತು. ಹೋಗು, ಕಾಶೀಪತಿ. ಅದಕ್ಕೆ ಅರ್ಥವಾಗುವ ಹಾಗೆ ಹೇಳು."