ತುಂಬೆಯ ಬುಡ ಗುಡಿಸಿದವಳು

“ಗುರುಗಳೇ, ಹಿಡಿದ ಕೆಲಸವನ್ನು ನಡುವೆ ಬಿಡದೆ ಮುಗಿಸಿದವಳನ್ನು ಮೆಚ್ಚಬೇಕೋ, ದೂರಬೇಕೋ?”

ಹೀಗೆ ಕೇಳಿದ ಶಿಷ್ಯೆ ಹಿಂದಿನ ಸಂಜೆಯಷ್ಟೇ ಒಂದು ಮಂಡಲದ ವ್ರತವನ್ನು ಪೂರೈಸಿದ್ದಳು. ನಲವತ್ತೆಂಟು ದಿನ, ಹೊತ್ತು ಮುಳುಗುವವರೆಗೆ ಆಸನ ಬಿಟ್ಟು ಏಳುವುದಿಲ್ಲ, ಮಾತಾಡುವುದಿಲ್ಲ ಎಂಬುದು ವ್ರತ. ಮೂವತ್ತನೆಯ ದಿನ ಅಡುಗೆಯ ಪುಟ್ಟತಾಯಮ್ಮ ಬಾವಿಕಟ್ಟೆಯ ಬಳಿ ಜಾರಿ ಬಿದ್ದು, ಇವಳ ಹೆಸರು ಹಿಡಿದು ಕೂಗಿದ್ದರು. ಇವಳು ಕಣ್ಣು ತೆರೆಯಲಿಲ್ಲ. ತೋಟದಲ್ಲಿದ್ದವರು ಓಡಿ ಬಂದು ಅವರನ್ನು ಎತ್ತಿದರು. ಈಗ ವ್ರತ ಮುಗಿದಿದ್ದರೂ ಆಶ್ರಮದಲ್ಲಿ ಒಬ್ಬರೂ ಇವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

“ಸಂಕಲ್ಪ ಮಾಡಿದ್ದೆ, ಮುರಿಯಲಿಲ್ಲ. ತಪ್ಪಿದ್ದರೆ ತಾವೇ ಹೇಳಿ,” ಎಂದಳು. ಅವಳ ಬೆನ್ನು ನೆಟ್ಟಗೆ ಇತ್ತು.

ಗುರುಗಳು ತಪ್ಪು ಒಪ್ಪಿನ ಮಾತೆತ್ತದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕಿ ಇದ್ದಳು. ಹೂವಿಗೆ ಬರುವ ಚಿಟ್ಟೆ, ಜೇನುಗಳ ಚಿತ್ರ ತೆಗೆಯುವುದು ಅವಳ ಕೆಲಸ. ಅರೆಬರೆ ಕೆಲಸವನ್ನು ಅವಳು ಸಹಿಸುತ್ತಿರಲಿಲ್ಲ. ಚಿಟ್ಟೆಯೊಂದು ಹೂವಿನ ಮೇಲೆ ಕೂತು, ಸುರುಳಿ ಸುತ್ತಿದ ನಾಲಿಗೆಯನ್ನು ಬಿಚ್ಚಿ, ಮಕರಂದಕ್ಕೆ ತಾಗಿಸುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ರೆಕ್ಕೆಯ ಅಂಚು ಕೂದಲೆಳೆಯಷ್ಟು ಮಸುಕಾಗಿದ್ದರೂ ಆ ಚಿತ್ರವನ್ನು ಅಳಿಸಿಬಿಡುತ್ತಿದ್ದಳು. ‘ಪರವಾಗಿಲ್ಲ’ ಎಂಬ ಮಾತನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ.

ಚಿಟ್ಟೆಗಳೆಲ್ಲ ಅವಳಿಗೆ ಒಲಿದಿದ್ದವು. ಒಲಿಯದೆ ಉಳಿದದ್ದು ಒಂದು ದುಂಬಿ. ಜೇನಿನ ಜಾತಿಯದೇ, ಆದರೆ ಒಂಟಿಯಾಗಿ ಬದುಕುವಂಥದು. ಮೈಮೇಲೆ ನೀಲಿ ಪಟ್ಟೆ. ತುಂಬೆಯ ಹೂವಿಗೆ ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೀರಿ ಹೋಗುತ್ತದೆ. ಅದು ತುಂಬೆಯ ಎದುರು ಗಾಳಿಯಲ್ಲಿ ನಿಂತಿರುವ ಒಂದು ಚಿತ್ರವನ್ನು ತೆಗೆದೇ ತೀರುತ್ತೇನೆ ಎಂದು ಅವಳು ಹಟ ಹಿಡಿದಳು. ಮೂರು ವರ್ಷ, ತುಂಬೆ ಹೂ ಬಿಟ್ಟ ಕಾಲವನ್ನೆಲ್ಲ ಊರಾಚೆಯ ಉದ್ಯಾನದಲ್ಲೇ ಕಳೆದಳು. ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ಸಿಕ್ಕಿದ್ದು ಬರಿಯ ಹೂವು, ಹಾರಿಹೋಗುತ್ತಿದ್ದ ದುಂಬಿಯ ಹಿಂಗಾಲು, ಅಷ್ಟೇ.

ನಾಲ್ಕನೆಯ ವರ್ಷ ರಾಜಧಾನಿಯಲ್ಲಿ ಒಂದು ದೊಡ್ಡ ಪ್ರದರ್ಶನ ಏರ್ಪಾಡಾಯಿತು. ಬೇರೆ ಚಿತ್ರ ಕಳಿಸಲು ಅವಳ ಮನಸ್ಸು ಒಪ್ಪಲಿಲ್ಲ. ಚಿತ್ರ ಕಳಿಸಬೇಕಾದ ಕೊನೆಯ ದಿನ ಬಂತು. ಅಂದು ಬೆಳಿಗ್ಗೆ ಉದ್ಯಾನದ ಮೂಲೆಯ ಒಂದು ತುಂಬೆ ಗಿಡವನ್ನು ಆರಿಸಿಕೊಂಡಳು. ಬೆಳಕು ಸರಿಯಿದೆಯೇ ಎಂದು ತಿಳಿಯಲು ಮೊದಲು ಒಂದು ಚಿತ್ರ ತೆಗೆದು ನೋಡಿದಳು. ಬೆಳಕು ಸರಿಯಿತ್ತು. ಗಿಡದ ಬುಡ ಹಿಡಿಸಲಿಲ್ಲ. ಅಲ್ಲಿ ನಾಲ್ಕು ಬೆಣಚುಕಲ್ಲು, ಒಂದು ಒಣಕಡ್ಡಿ, ಒಂದಿಷ್ಟು ತರಗೆಲೆ ಬಿದ್ದಿದ್ದವು. ಚಿತ್ರದಲ್ಲಿ ಕಸ ಕಾಣಬಾರದು. ಎಲ್ಲವನ್ನೂ ಎತ್ತಿ ಪಕ್ಕಕ್ಕೆ ಹಾಕಿ ನೆಲವನ್ನು ಗುಡಿಸಿದಳು. ಇಂಥ ಚಿತ್ರ ತೆಗೆಯುವವರು ಅನೇಕರು ಮಾಡುವ ಕೆಲಸವೇ ಅದು. ಆಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು.

ದುಂಬಿ ಬಂತು. ಈ ಸಲ ಹೋಗಲಿಲ್ಲ. ತುಂಬೆಯ ಎದುರು ಗೇಣೆತ್ತರದಲ್ಲಿ ನಿಂತಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ತಿರುಗಿ ಅಲ್ಲೇ ಬಂದು ನಿಂತಿತು. ಅದರ ಹಿಂಗಾಲುಗಳಲ್ಲಿ ಪರಾಗ ತುಂಬಿತ್ತು. ತನ್ನ ಹಟಕ್ಕೆ ಕೊನೆಗೂ ಅದು ಮಣಿಯಿತು ಎಂದುಕೊಂಡಳು. ಒಂದರ ಮೇಲೊಂದು ಚಿತ್ರ ತೆಗೆದಳು. ರೆಕ್ಕೆ ಸರಿ ಬಂದರೆ ಕಣ್ಣು ಮಸುಕು. ಕಣ್ಣು ಸರಿ ಬಂದರೆ ಹೂವಿಗೆ ನೆರಳು. ಅವಳು ಜಾಗ ಬಿಟ್ಟು ಅಲುಗಲಿಲ್ಲ.

ಅಷ್ಟರಲ್ಲಿ ಉದ್ಯಾನದಲ್ಲಿ ಕಳೆ ಕೀಳುವ ಹೆಂಗಸೊಬ್ಬಳು ಕುಡುಗೋಲು ಹಿಡಿದು ಆ ಕಡೆ ಬಂದಳು.

“ಏನ್ ಮೇಡಂ, ಬೆಳಗ್ಗೆ ಬೆಳಗ್ಗೆ ಉರುಳುಸೇವೆ! ಯಾವ ದೇವರ ಹರಕೆ?”

“ಸದ್ದು ಮಾಡಬೇಡಮ್ಮ. ನೋಡು, ನನಗೋಸ್ಕರ ಹೇಗೆ ನಿಂತಿದೆ!”

ಹೆಂಗಸು ದುಂಬಿಯನ್ನು ನೋಡಿದಳು, ಗುಡಿಸಿದ ನೆಲವನ್ನು ನೋಡಿದಳು. ಅವಳ ನಗು ನಿಂತಿತು.

“ನಿಮಗೋಸ್ಕರ ನಿಲ್ಲೋಕೆ ಅದಕ್ಕೇನು ಬೇರೆ ಕೆಲಸ ಇಲ್ವಾ ಮೇಡಂ? ಮನೆ ಹುಡುಕ್ತಾ ಇದೆ. ಇಲ್ಲೇ ಮಣ್ಣೊಳಗೆ ಅದರ ಗೂಡು. ಆ ಕಲ್ಲು, ಆ ಕಡ್ಡಿ ಗುರುತಿಟ್ಕೊಂಡು ಇಳಿಯೋದು. ಅದಕ್ಕೇ ಈ ಮೂಲೆಗೆ ನಾನು ಕುಡುಗೋಲು ಹಾಕಲ್ಲ. ಮರಿಗೆ ಊಟ ಹೊತ್ತುಕೊಂಡು ಬಂದಿದೆ, ಬಾಗಿಲೇ ಕಾಣ್ತಿಲ್ಲ. ನೀವು ಎಲ್ಲಾ ಗುಡಿಸಿಬಿಟ್ಟಿದ್ದೀರಲ್ಲ!”

ದುಂಬಿ ಮತ್ತೆ ಕೆಳಗಿಳಿಯಿತು. ನೆಲ ಮುಟ್ಟದೆ ಮೇಲೆದ್ದಿತು. ತುಂಬೆಯ ಬಿಳಿ ಹೂವಿನ ಎದುರು, ಎಳೆಬಿಸಿಲಿನಲ್ಲಿ, ನೇರ ಅವಳತ್ತ ಮುಖ ಮಾಡಿ ನಿಂತಿತು. ಕೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ಅವಳ ಬೆರಳು ಗುಂಡಿಯನ್ನು ಒತ್ತಿತು.

ಅವಳ ಜೀವಮಾನದಲ್ಲಿ ಅಂಥ ಚಿತ್ರ ಇನ್ನೊಂದಿರಲಿಲ್ಲ. ಹುಡುಕಿದರೂ ಕುಂದು ಸಿಗಲಿಲ್ಲ. ಅವಳು ಅದನ್ನು ಎರಡು ಸಲ ನೋಡಿದಳು. ಅವಳ ಮುಖ ಬಿಸಿಯಾಯಿತು.

ಆಮೇಲೆ ಅವಳು ಬೆಳಕು ನೋಡಲು ತೆಗೆದಿದ್ದ ಮೊದಲ ಚಿತ್ರವನ್ನು ತೆರೆದಳು. ಅದರಲ್ಲಿ ಕಲ್ಲು, ಕಡ್ಡಿ, ಎಲೆ ಎಲ್ಲವೂ ಇದ್ದಲ್ಲೇ ಇದ್ದವು. ಮಂಡಿಯೂರಿ ಕೂತು, ಅದನ್ನು ನೋಡಿಕೊಂಡು ಒಂದೊಂದಾಗಿ ಇಡತೊಡಗಿದಳು. ದೊಡ್ಡ ಕಲ್ಲು ಗಿಡಕ್ಕೆ ಒತ್ತಿಕೊಂಡು, ಎರಡನೆಯದು ಅದರಿಂದ ನಾಲ್ಕು ಬೆರಳು ಆಚೆಗೆ. “ಇನ್ನೊಂಚೂರು ಈ ಕಡೆ,” ಎಂದಳು ಕಳೆ ಕೀಳುವವಳು. ಛಾಯಾಗ್ರಾಹಕಿ ಇಟ್ಟದ್ದನ್ನು ತೆಗೆದು ಮತ್ತೆ ಇಟ್ಟಳು. ಗೂಡಿನ ಬಾಯಿಗೆ ಬಿದ್ದ ಮಣ್ಣನ್ನು ಹುಲ್ಲಿನ ಎಸಳಿನಿಂದ ಬಿಡಿಸಿದಳು. ಕಲ್ಲು ತಾಗಿ ಮಂಡಿ ತರಚಿತು, ಅವಳು ಗಮನಿಸಲಿಲ್ಲ. ತರಗೆಲೆಗಳನ್ನೂ ಎಣಿಸಿ ಇಟ್ಟಳು. ಕಟ್ಟಕಡೆಗೆ ಒಣಕಡ್ಡಿಯನ್ನು ಅದರ ಜಾಗದಲ್ಲಿ ಇಟ್ಟಳು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ಕೂತಳು. ಚಿತ್ರ ಕಳಿಸುವ ಗಡುವು ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಮುಂದಿನ ಮಾತಿಗೆ ಕಾದಳು.

“ಅಷ್ಟು ವರ್ಷದ ಶ್ರಮ, ಗುರುಗಳೇ. ಅವಳು ಆ ಚಿತ್ರವನ್ನು ಕಳಿಸಿದಳೋ ಇಲ್ಲವೋ?”

ಗುರುಗಳು ಅವಳ ಮುಖವನ್ನು ನೋಡಿ ಹೇಳಿದರು:

“ಆ ದುಂಬಿ ಗೂಡು ಸೇರಿತೇ ಎಂದು ಕೇಳುತ್ತೀಯೆಂದು ಕಾದಿದ್ದೆ, ತಾಯಿ.”